ಶಿಶುವರ್ಗದಲ್ಲಿ ಸಾಹಿತ್ಯವರ್ತುಲ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಶಿಶುವರ್ಗಗಳಿಗೆ ಸಾಹಿತ್ಯವರ್ತುಲವನ್ನು ಅಳವಡಿಸುವ ಬಗೆಯನ್ನು ಇಲ್ಲಿ ವಿಚಾರಿಸಿದ್ದೇವೆ. ಕೆಲವರು ಒಂದೇ ಕೃತಿಯನ್ನೋದಿ, ಹೊಣೆಗಳನ್ನು ಹಂಚಿಕೊಂಡು ಚರ್ಚಿಸುವ ಈ ಪದ್ಧತಿಯು ಅಮೆರಿಕದಲ್ಲಿ ಹಾರ್ವೆ ಡೇನಿಯಲ್ಸರ 1994ರ ಗ್ರಂಥದಿಂದ ಪ್ರಚುರವಾಯಿತು. ಆದರೆ ಅಕ್ಷರವರಿಯದ ಐದು ವರುಷದ ಕೂಸು ಏನನ್ನೋದೀತು? ಆಕ್ಷೇಪವು ತಕ್ಕುದೇ, ಸಮಾಧಾನವೂ ಈ ಸೀಮೆಯಲ್ಲಿಯೇ ಇದೆ. ಕುಲಗೋಡ ತಮ್ಮಣ್ಣನು ಪ್ರಚುರಗೊಳಿಸಿದ ಶ್ರೀಕೃಷ್ಣಪಾರಿಜಾತದಲ್ಲಿ ಭಾಗವತನು ರಂಗಕ್ಕೆ ಬಂದ ಪಾತ್ರವನ್ನು ಪ್ರಶ್ನಿಸುತ್ತಾನೆ. ಓದುಬರಹ ಬಾರದವರೂ ಕಥೆಯನ್ನು ಗ್ರಹಿಸುತ್ತಾರೆ. ಅಂತೆಯೇ ಶಿಕ್ಷಕಿಯು ಚಿತ್ರಕಥೆಯನ್ನು ಎರಡು ಸಲ ಓದಿ ಹೇಳಲಿ. ಮರುದಿನ ಒಂದು ಮಗು ಭಾಗವತನಾಗಿ ಕೇಳಲಿ, ಒಂದು ಪಾತ್ರವಾಗಿ ಉತ್ತರಿಸಲಿ, ಇನ್ನೊಂದು ಮೆಚ್ಚಿದ ಪುಟವನ್ನು ಬರೆದು ತೋರಿಸಲಿ. ಗೋಕಾಕದ ಮರದ ಹಣ್ಣೊಂದು ಕೈಯಿಂದ ಕೈಗೆ ಸಾಗಲಿ. ಅದನ್ನು ಹಿಡಿದವರದೇ ಮಾತು. ಮನೆಯ ಆಡುನುಡಿಯನ್ನು ಮಾತ್ರ ನಡುವೆ ತಿದ್ದಲಾಗದು. ತಿದ್ದಿದೊಡನೆ ಮಗು ಮೂಕವಾಗುತ್ತದೆ. ಪದವಿ ತರಗತಿಗಳಲ್ಲಿಯೂ ನಾವಿದನ್ನು ಕಂಡಿದ್ದೇವೆ.