ಮೇಳ ಬಿಟ್ಟ ಗಾಯಕನ ಏಳು ಪೆಟ್ಟಿನ ಹಾಡು

ಹೆಸರಾಂತ ವೇಷಧಾರಿ ಮೇಳ ಬಿಟ್ಟರೆಂದರೆ ಕಾಸರಗೋಡು ಕಡೆ ಅದು ದೊಡ್ಡ ಸುದ್ದಿ. ಚಹಾದಂಗಡಿಯಲ್ಲಿ ಕೇಳಿಬರುವುದು ಎರಡೇ ಪ್ರಶ್ನೆ. ಇನ್ನು ಮೇಳದ ಗತಿ ಏನು? ಅವರ ಗತಿ ಏನು? 1975ರ ಆಗಸ್ಟಿನಲ್ಲಿ ಇಂಗ್ಲೆಂಡಿನ ರಾಕ್ ಸಂಗೀತಪ್ರಿಯರಿಗೂ ಇದೇ ಚಿಂತೆ ಹತ್ತಿತ್ತು. 'ಜೆನೆಸಿಸ್' ತಂಡದ ಗಾಯಕ ಪೀಟರ್ ಗೇಬ್ರಿಯಲ್ ತಂಡ ಬಿಟ್ಟ ಸುದ್ದಿ ಆಗ ಹೊರಬಿದ್ದಿತ್ತು. ಅವರಿಗೆ ಆಗ ಬರೀ 25 ವರ್ಷ.

ವೇಷ ಕಟ್ಟುವ ಹಾಡುಗಾರ

ಜೆನೆಸಿಸ್ 1967ರಲ್ಲಿ ಚಾರ್ಟರ್‌ಹೌಸ್ ಶಾಲೆಯ ಗೆಳೆಯರು ಸೇರಿ ಕಟ್ಟಿದ ತಂಡ. ಗೇಬ್ರಿಯಲ್ ಅದರಲ್ಲಿ ಹಾಡುಗಾರ ಮಾತ್ರ ಆಗಿರಲಿಲ್ಲ, ವೇಷಧಾರಿಯೂ ಆಗಿದ್ದರು. 1972ರಲ್ಲಿ ಡಬ್ಲಿನ್ ನಗರದ ಕಾರ್ಯಕ್ರಮವೊಂದಕ್ಕೆ ಹೆಂಡತಿಯ ಕೆಂಪು ಉಡುಪು ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು ಬಂದರು. ಜನ ದಂಗಾದರು. ಅಲ್ಲಿಂದ ಮುಂದೆ ಹಾಡಿಗೊಂದು ವೇಷ ಎಂಬಂತಾಯಿತು. ಪತ್ರಿಕೆಗಳಲ್ಲೂ ಅವರದೇ ಚಿತ್ರ. ಉಳಿದವರಿಗೆ ಇದು ಒಳಗೊಳಗೇ ಕಸಿವಿಸಿ ತಂದಿತ್ತು.

ತೊಟ್ಟಿಲು ಒಂದು ಕಡೆ, ತಂಡ ಒಂದು ಕಡೆ

1974ರಲ್ಲಿ ತಂಡ 'ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ಎಂಬ ದೊಡ್ಡ ಆಲ್ಬಂನ ಕೆಲಸದಲ್ಲಿ ಮುಳುಗಿತ್ತು. ಅದೇ ಜುಲೈಯಲ್ಲಿ ಗೇಬ್ರಿಯಲ್ ದಂಪತಿಗೆ ಮೊದಲ ಮಗು ಹುಟ್ಟಿತು. ಹೆರಿಗೆ ಕಷ್ಟದ್ದಾಗಿತ್ತು. ಹೆಣ್ಣು ಕೂಸು ಬದುಕುತ್ತದೋ ಇಲ್ಲವೋ ಎಂಬ ಸ್ಥಿತಿ. ಮಗು ಲಂಡನ್ನಿನ ಆಸ್ಪತ್ರೆಯಲ್ಲಿ, ಧ್ವನಿಮುದ್ರಣ ದೂರದ ವೇಲ್ಸಿನಲ್ಲಿ. ಅಪ್ಪ ಅಲ್ಲಿಗೂ ಇಲ್ಲಿಗೂ ಓಡಾಡಿ ಸುಸ್ತಾದರು. ಗೆಳೆಯರಿಗೋ ಕೆಲಸ ನಿಲ್ಲುತ್ತದಲ್ಲ ಎಂಬ ಸಿಟ್ಟು. ಆಗ ನಾವು ಅವರ ಸಂಕಟ ಅರ್ಥ ಮಾಡಿಕೊಳ್ಳಲಿಲ್ಲ ಎಂದು ಅವರೇ ಮುಂದೆ ಒಪ್ಪಿಕೊಂಡರು.

ಮಗು ಬದುಕಿತು. ಆದರೆ ಅಪ್ಪನ ಮನಸ್ಸು ತಂಡದಿಂದ ದೂರವಾಗಿತ್ತು. ಅದೇ ವರ್ಷ ನವೆಂಬರಿನಲ್ಲಿ, ಅಮೆರಿಕದ ಪ್ರವಾಸ ಶುರುವಾದ ಹೊತ್ತಿಗೇ, ಬಿಡುತ್ತೇನೆ ಎಂದು ಗೆಳೆಯರಿಗೆ ತಿಳಿಸಿದರು. ಹಾಗೆಂದು ನಡುವೆ ಕೈಕೊಟ್ಟು ಹೋಗಲಿಲ್ಲ. ತಂಡದ ತಲೆಮೇಲೆ ಸಾಲವಿತ್ತು. 1975ರ ಮೇ ತಿಂಗಳವರೆಗೆ, ಒಪ್ಪಿಕೊಂಡ ಕಾರ್ಯಕ್ರಮಗಳು ಮುಗಿಯುವ ತನಕ, ವೇಷ ಕಟ್ಟಿ ಹಾಡಿಯೇ ಹೊರಟರು. ಆಮೇಲೆ ಸ್ವಲ್ಪ ಕಾಲ ಹೆಂಡತಿ, ಮಗಳು, ಮನೆಯ ತರಕಾರಿ ತೋಟ, ಇಷ್ಟೇ ಬದುಕು.

ಹೆಸರಿಡದ ಆಲ್ಬಂ

ಮೊದಲ ಸ್ವಂತ ಆಲ್ಬಂ ಬಂದದ್ದು 1977ರ ಫೆಬ್ರವರಿಯಲ್ಲಿ. ಧ್ವನಿಮುದ್ರಣ ಬಹುಪಾಲು ಕೆನಡಾದ ಟೊರೊಂಟೊದಲ್ಲಿ, ನಿರ್ಮಾಪಕರು ಬಾಬ್ ಎಜ್ರಿನ್. ಆಲ್ಬಂಗೆ ಬೇರೆ ಹೆಸರಿಲ್ಲ, ಬರೀ 'ಪೀಟರ್ ಗೇಬ್ರಿಯಲ್'. ಮುಂದಿನ ಮೂರಕ್ಕೂ ಅದೇ ಹೆಸರು! ಮುಖಪುಟದಲ್ಲಿ ಮಳೆಹನಿ ಮುತ್ತಿದ ಕಾರಿನೊಳಗೆ ಅವರು ಕುಳಿತಿದ್ದಾರೆ. ಹಾಗಾಗಿ ಕೇಳುಗರ ಬಾಯಲ್ಲಿ ಅದು 'ಕಾರು' ಆಲ್ಬಂ ಎಂದೇ ಉಳಿಯಿತು. ನರಿಯ ಮುಖವಾಡವಿಲ್ಲ, ಬಣ್ಣವಿಲ್ಲ.

ಎಲ್ಲವೂ ಸರಿಯಾಗಿ ಕೂಡಿಬಂತು ಎನ್ನುವಂತಿಲ್ಲ. 'ಹಿಯರ್ ಕಮ್ಸ್ ದಿ ಫ್ಲಡ್' ಹಾಡಿಗೆ ವಾದ್ಯದ ಭಾರ ಹೆಚ್ಚಾಯಿತೆಂದು ಗೇಬ್ರಿಯಲ್ ಅವರಿಗೇ ಅನ್ನಿಸಿತ್ತು. ಮುಂದೆ ಅದನ್ನು ಸರಳವಾಗಿ ಮತ್ತೆ ಹಾಡಿದರು. ಆದರೂ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನ ಕಂಡಿತು.

ಹೆಸರು ತಂದ ಹಾಡು 'ಸಾಲ್ಸ್‌ಬರಿ ಹಿಲ್'. ಅದು ಬಾತ್ ನಗರದ ಪಕ್ಕದಲ್ಲಿರುವ ಒಂದು ಗುಡ್ಡದ ಹೆಸರು. ರಾತ್ರಿ ಗುಡ್ಡ ಹತ್ತಿದವನಿಗೆ ಮನೆಗೆ ಬಾ ಎಂಬ ಕರೆ ಕೇಳಿಸುತ್ತದೆ. ಮುಂದೆ ಸಿಗಬಹುದಾದ್ದಕ್ಕಾಗಿ ಕೈಲಿದ್ದದ್ದನ್ನು ಬಿಡಲು ತಯಾರಾಗುವುದೇ ಅದರ ತಿರುಳೆಂದು ಗೇಬ್ರಿಯಲ್ ಹೇಳಿದ್ದುಂಟು. ರಾಕ್ ಹಾಡುಗಳಲ್ಲಿ ಸಾಮಾನ್ಯವಾಗಿ ನಾಲ್ಕರ ಲೆಕ್ಕ. ಇದರ ಲೆಕ್ಕ ಏಳು. ಕೈತಟ್ಟಿ ಎಣಿಸಿದರೆ ತಿಳಿದೀತು. ಯಕ್ಷಗಾನದ ತ್ರಿವುಡೆ, ಕಚೇರಿಯ ಮಿಶ್ರಛಾಪು ಕೇಳಿ ಬೆಳೆದ ಕಿವಿಗೆ ಆ ಏಳು ಹೊಸದಲ್ಲ. ಪಾಶ್ಚಾತ್ಯ ಕೇಳುಗರಿಗೆ ಅದು ಹೆಜ್ಜೆ ಸ್ವಲ್ಪ ಮುಂಚೆ ಎತ್ತಿದಂತೆ, ಹೊರಡುವ ಅವಸರದಂತೆ ಕೇಳಿಸುತ್ತದೆ.

ಮೇಳವೂ ಮುಳುಗಲಿಲ್ಲ

ಇತ್ತ ಜೆನೆಸಿಸ್ ಹೊಸ ಗಾಯಕನಿಗಾಗಿ ಹಲವರನ್ನು ಪರೀಕ್ಷಿಸಿತು. ಯಾರೂ ಹಿಡಿಸಲಿಲ್ಲ. ಕೊನೆಗೆ ಹಿಂದೆ ಕುಳಿತು ಡ್ರಮ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಅವರೇ ಮುಂದೆ ಬಂದು ಹಾಡಿದರು. 1976ರ 'ಎ ಟ್ರಿಕ್ ಆಫ್ ದಿ ಟೇಲ್' ಬ್ರಿಟನ್ನಿನಲ್ಲಿ 3ನೇ ಸ್ಥಾನಕ್ಕೇರಿತು. ಮುಂದೆ ತಂಡ ಮೊದಲಿಗಿಂತ ಹೆಚ್ಚು ಜನಪ್ರಿಯವಾಯಿತು.

ಹಾಗಾದರೆ ಸಂಬಂಧ ಕಡಿದುಹೋಯಿತೇ? ಇಲ್ಲ. 1982ರಲ್ಲಿ ಗೇಬ್ರಿಯಲ್ ಮತ್ತು ಸಂಗಡಿಗರು ಲೋಕದ ನಾನಾ ಭಾಗದ ಕಲಾವಿದರನ್ನು ಸೇರಿಸಿ 'ವೊಮ್ಯಾಡ್' ಉತ್ಸವ ನಡೆಸಿ ಭಾರೀ ನಷ್ಟಕ್ಕೆ ಸಿಲುಕಿದರು. ಸಾಲಗಾರರು ಬೆನ್ನು ಬಿದ್ದರು. ಆಗ ಕೈಹಿಡಿದದ್ದು ಹಳೆ ಗೆಳೆಯರೇ. ಆ ವರ್ಷ ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನ ಬಯಲಿನಲ್ಲಿ, ಸುರಿವ ಮಳೆಯಲ್ಲಿ, ಜೆನೆಸಿಸ್ ತನ್ನ ಹಳೆಯ ಹಾಡುಗಾರನ ಜೊತೆ ಒಂದು ದಿನದ ಮಟ್ಟಿಗೆ ಮತ್ತೆ ರಂಗ ಏರಿತು. ಸಾಲ ತೀರಿಸಲು ಹಣ ಕೂಡಿತು. ವೊಮ್ಯಾಡ್ ಉಳಿಯಿತು.

2022ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಜೆನೆಸಿಸ್‌ನ ಕೊನೆಯ ಕಾರ್ಯಕ್ರಮ. ಆರೋಗ್ಯ ಕೆಟ್ಟಿದ್ದ ಕಾಲಿನ್ಸ್ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಪ್ರೇಕ್ಷಕರ ನಡುವೆ 72ರ ಗೇಬ್ರಿಯಲ್ ಕೂಡ ಇದ್ದರು. ಮೇಳ ಬಿಟ್ಟು 47 ವರ್ಷವಾದ ಮೇಲೂ, ಮಂಗಳ ಹಾಡುವ ಹೊತ್ತಿಗೆ ಅವರು ಬಾರದೆ ಇರಲಿಲ್ಲ.