ನೆರೆ ಮತ್ತು ಭೂಕುಸಿತದ ನಂತರ ಪರಿಹಾರ ಪಡೆಯುವ ಕ್ರಮ: ಮೂಡಿಗೆರೆ ಹಾಗೂ ಕಳಸ ತಾಲ್ಲೂಕುಗಳ ನಾಗರಿಕರಿಗೆ ಮಾಹಿತಿ

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಅತಿವೃಷ್ಟಿಯಾದಾಗ ಹೊಳೆಗಳು ಉಕ್ಕುವುದರ ಜೊತೆಗೆ ಗುಡ್ಡಗಳೂ ಕುಸಿಯುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಗ್ರಾಮಗಳಲ್ಲಿ ಮನೆಗಳು ಮತ್ತು ಕಾಫಿ ತೋಟಗಳು ಮಣ್ಣುಪಾಲಾದವು. ಚಾರ್ಮಾಡಿ ಘಾಟಿಯಲ್ಲಿ ಸಂಚಾರ ಸ್ಥಗಿತಗೊಂಡಿತು. ಭದ್ರಾ ನದಿಯ ಹೆಬ್ಬಾಳೆ ಸೇತುವೆಯು ಮುಳುಗಿ ಕಳಸ ಮತ್ತು ಹೊರನಾಡು ನಡುವಿನ ಸಂಪರ್ಕ ಕಡಿದುಹೋಯಿತು.

ಇಂತಹ ಸಂದರ್ಭದಲ್ಲಿ ಸಂತ್ರಸ್ತರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಸರ್ಕಾರದ ಪರಿಹಾರವು ಹಾನಿಯ ದಾಖಲೆಯನ್ನು ಆಧರಿಸಿ ಮಂಜೂರಾಗುತ್ತದೆ. ಆದುದರಿಂದ ಹಾನಿಯನ್ನು ವಿಳಂಬವಿಲ್ಲದೆ ದಾಖಲಿಸುವುದು ಅತ್ಯವಶ್ಯಕ.

1. ತುರ್ತು ನೆರವು

ಜೀವಾಪಾಯವಿದ್ದಲ್ಲಿ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077 ಹಾಗೂ ತುಂಡಾಗಿ ಬಿದ್ದ ವಿದ್ಯುತ್ ತಂತಿಗಳ ಬಗ್ಗೆ ಮೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡುವುದು. ಬಿರುಕು ಬಿಟ್ಟ ಧರೆಯ ಕೆಳಗಿನ ಮನೆಗೆ, ಮಳೆ ನಿಂತಿದೆ ಎಂಬ ಕಾರಣಕ್ಕೆ ಮರಳಬಾರದು.

2. ಹಾನಿಯನ್ನು ದಾಖಲಿಸುವ ಕ್ರಮ

ಮಣ್ಣು ತೆಗೆಯುವ ಅಥವಾ ಮನೆ ದುರಸ್ತಿ ಮಾಡುವ ಮುನ್ನ ಹಾನಿಯ ಛಾಯಾಚಿತ್ರಗಳನ್ನು ತೆಗೆದುಕೊಳ್ಳತಕ್ಕದ್ದು. ಗ್ರಾಮ ಆಡಳಿತ ಅಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ಥಳ ಪರಿಶೀಲನೆ ಮತ್ತು ಮಹಜರಿಗೆ ಕೋರುವುದು. ಅರ್ಜಿಯನ್ನು ತಹಶೀಲ್ದಾರರ ಕಚೇರಿಗೂ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಮಹಜರಿಗೆ ಸಹಿ ಮಾಡುವ ಮುನ್ನ ಅದನ್ನು ಓದಿಸಿ ಕೇಳಿಕೊಂಡು, ಹಾನಿಯ ವಿವರ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಜಾನುವಾರು ಮೃತಪಟ್ಟಲ್ಲಿ ಹೂಳುವ ಮೊದಲು ಪಶುವೈದ್ಯಾಧಿಕಾರಿಯಿಂದ ಮರಣೋತ್ತರ ಪರೀಕ್ಷೆ ಮಾಡಿಸತಕ್ಕದ್ದು. ಪರಿಹಾರದ ಹಣವು ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು.

3. ಪರಿಹಾರದ ಮೊತ್ತ

ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಸಂಬಂಧಿಸಿ ಕೇಂದ್ರ ಸರ್ಕಾರವು 2022-23ರಿಂದ 2025-26ರ ಅವಧಿಗೆ ನಿಗದಿಪಡಿಸಿದ ಮಾನದಂಡಗಳು ಹೀಗಿವೆ:

• ಮೃತರ ಕುಟುಂಬಕ್ಕೆ 4 ಲಕ್ಷ ರೂ.
• ಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1.20 ಲಕ್ಷ ರೂ., ಗುಡ್ಡಗಾಡು ಪ್ರದೇಶದಲ್ಲಿ 1.30 ಲಕ್ಷ ರೂ.
• ಮನೆ ಕಳೆದುಕೊಂಡ ಅಥವಾ ಮನೆಯು ತೀವ್ರವಾಗಿ ಜಲಾವೃತಗೊಂಡ ಕುಟುಂಬಕ್ಕೆ ಬಟ್ಟೆಗಾಗಿ 2,500 ರೂ. ಮತ್ತು ಪಾತ್ರೆ, ಗೃಹೋಪಯೋಗಿ ವಸ್ತುಗಳಿಗಾಗಿ 2,500 ರೂ.
• ಹಸು ಅಥವಾ ಎಮ್ಮೆಗೆ 37,500 ರೂ.

ರಾಜ್ಯ ಸರ್ಕಾರವು ಇದಕ್ಕಿಂತ ಹೆಚ್ಚಿನ ಮೊತ್ತವನ್ನು ನೀಡಬಹುದು. 2019ರಲ್ಲಿ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂ. ಘೋಷಿಸಲಾಗಿತ್ತು. ಆಯಾ ವರ್ಷದ ಆದೇಶವನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ತಿಳಿಯುವುದು.

4. ಕಾಫಿ, ಮೆಣಸು ಮತ್ತು ಅಡಿಕೆ ಬೆಳೆಗಾರರಿಗೆ

ಮೇಲ್ಕಂಡ ಮಾನದಂಡದ ಪ್ರಕಾರ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂ. ನಿಗದಿಯಾಗಿದ್ದು, ಇದು ಗರಿಷ್ಠ 2 ಹೆಕ್ಟೇರಿಗೆ ಸೀಮಿತವಾಗಿದೆ. ಬೆಳೆ ಹಾನಿಯು ಶೇಕಡ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅಂದರೆ 10 ಎಕರೆ ತೋಟದ ಪೂರ್ತಿ ಬೆಳೆ ಹಾಳಾದರೂ ದೊರೆಯುವ ಗರಿಷ್ಠ ಮೊತ್ತ 45,000 ರೂ. ಮಾತ್ರ. ಇದು ಮುಂದಿನ ಬೇಸಾಯಕ್ಕೆ ನೀಡುವ ಸಹಾಯಧನವೇ ಹೊರತು ನಷ್ಟವನ್ನು ಪೂರ್ಣವಾಗಿ ಭರಿಸುವ ಹಣವಲ್ಲ.

ಗುಡ್ಡ ಕುಸಿದು ಜಮೀನೇ ಕೊಚ್ಚಿಹೋದಲ್ಲಿ ಅದಕ್ಕೆ ಪ್ರತ್ಯೇಕ ನೆರವಿದೆ. ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹೆಕ್ಟೇರಿಗೆ 47,000 ರೂ. ನಿಗದಿಯಾಗಿತ್ತು. ಜಮೀನು ಕಂದಾಯ ದಾಖಲೆಯಲ್ಲಿ ಅರ್ಜಿದಾರರ ಹೆಸರಿನಲ್ಲಿರಬೇಕು.

ಉದುರಿದ ಕಾಫಿ ಕಾಯಿ ಕೆಲವೇ ದಿನಗಳಲ್ಲಿ ಕೊಳೆತು ಮಣ್ಣಾಗುವುದರಿಂದ ಇಂತಹ ಹಾನಿಯನ್ನು ಕೂಡಲೇ ತಿಳಿಸುವುದು ಸೂಕ್ತ. ಕಾಫಿ ಮಂಡಳಿಯ ವಿಸ್ತರಣಾ ಕಚೇರಿಗೂ ಮಾಹಿತಿ ನೀಡುವುದು. ಅಡಿಕೆ ಮತ್ತು ಕರಿಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ್ದಲ್ಲಿ, ಅದು ಈ ಸಹಾಯಧನಕ್ಕಿಂತ ಪ್ರತ್ಯೇಕವಾದುದು.

5. ಪಹಣಿ ಇಲ್ಲದವರು ಮತ್ತು ತೋಟದ ಕಾರ್ಮಿಕರು

ಪಹಣಿಯು ತೀರಿಕೊಂಡ ಹಿರಿಯರ ಹೆಸರಿನಲ್ಲಿಯೇ ಉಳಿದಿದ್ದಲ್ಲಿ ಪರಿಹಾರದ ಪಾವತಿಗೆ ಅಡಚಣೆಯಾಗುತ್ತದೆ. ಅಂತಹವರು ಪೌತಿ ಖಾತೆಗೆ ಅರ್ಜಿ ಸಲ್ಲಿಸುವುದು. ಮಳೆಗಾಲಕ್ಕೆ ಮೊದಲೇ ಇದನ್ನು ಮಾಡಿಸಿಕೊಂಡಲ್ಲಿ ಆಪತ್ಕಾಲದಲ್ಲಿ ಅಲೆದಾಟ ತಪ್ಪುತ್ತದೆ.

ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರು, ಮನೆ ತಮ್ಮದಲ್ಲವೆಂದು ಸುಮ್ಮನಿರಬಾರದು. ಮನೆಯ ಪರಿಹಾರವು ಮಾಲೀಕತ್ವಕ್ಕೆ ಸಂಬಂಧಿಸಿದ್ದಾದರೂ ಬಟ್ಟೆ ಮತ್ತು ಪಾತ್ರೆಗಳ ನೆರವು ಕುಟುಂಬಕ್ಕೆ ಸಂಬಂಧಿಸಿದ್ದು. ಪಡಿತರ ಚೀಟಿ ಅಥವಾ ಮತದಾರರ ಗುರುತಿನ ಚೀಟಿಯೊಂದಿಗೆ ಅರ್ಜಿ ಸಲ್ಲಿಸುವುದು. ಚೀಟಿಗಳೇ ನೀರುಪಾಲಾಗಿದ್ದಲ್ಲಿ ಆ ಸಂಗತಿಯನ್ನು ಮಹಜರಿನಲ್ಲಿ ನಮೂದಿಸುವಂತೆ ಕೋರುವುದು. ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಪ್ರಕಾರ ಪರಿಹಾರ ನೀಡುವಲ್ಲಿ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡುವಂತಿಲ್ಲ.

6. ಅರ್ಜಿ ತಿರಸ್ಕೃತವಾದಲ್ಲಿ ಅಥವಾ ವಿಳಂಬವಾದಲ್ಲಿ

ಮೊದಲು ತಹಶೀಲ್ದಾರರಿಂದ ಲಿಖಿತ ಕಾರಣ ಕೋರುವುದು. ಬಳಿಕ ಉಪವಿಭಾಗಾಧಿಕಾರಿ ಹಾಗೂ ಜಿಲ್ಲಾಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಸಹಾಯವಾಣಿ 1902ರಲ್ಲಿಯೂ ದೂರು ದಾಖಲಿಸಬಹುದು. ಮಹಜರಿನ ಪ್ರತಿ ಮತ್ತು ಫಲಾನುಭವಿಗಳ ಪಟ್ಟಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೋರಬಹುದಾಗಿದ್ದು, 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಮೇರೆಗೆ ನೆರೆ ಸಂತ್ರಸ್ತರು ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಿದಲ್ಲಿ ಅರ್ಜಿ ಬರೆಯುವುದರಿಂದ ಮೊದಲ್ಗೊಂಡು ಅಗತ್ಯ ನೆರವು ದೊರೆಯುತ್ತದೆ.

ಸಾರ್ವಜನಿಕರು ಅರ್ಜಿಯ ಪ್ರತಿ, ಸ್ವೀಕೃತಿ ಹಾಗೂ ಛಾಯಾಚಿತ್ರಗಳನ್ನು ಪರಿಹಾರ ಕೈಸೇರುವವರೆಗೆ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.