ಎಲ್ಕ್ ಊರಿನದು, ಗೇಟು ಒಡೆಯನದು

ಅಕ್ಟೋಬರ್ ತಿಂಗಳ ಕೊನೆಯ ದಿನಗಳ ಒಂದು ಶನಿವಾರ. ಅಮೆರಿಕದ ಮೊಂಟಾನಾ ರಾಜ್ಯದ ನಡುನಾಡಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜಲ್ಲಿರಸ್ತೆಯ ಅಂಚಿಗೆ ಪಿಕಪ್ ಟ್ರಕ್ಕುಗಳು ಒಂದರ ಹಿಂದೊಂದು ನಿಂತಿವೆ. ಹೊರಗೆ ಕೊರೆಯುವ ಚಳಿ, ಒಳಗೆ ಗಾಜಿನ ಮೇಲೆಲ್ಲ ಹಬೆ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವ ಸದ್ದು ಬಿಟ್ಟರೆ ಮಾತಿಲ್ಲ. ಎಲ್ಲರ ಮೈಮೇಲೂ ಕಣ್ಣು ಕುಕ್ಕುವ ಕಿತ್ತಳೆ ಅಂಗಿ. ಸೊಂಟದಿಂದ ಮೇಲೆ ಕನಿಷ್ಠ 400 ಚದರ ಅಂಗುಲದಷ್ಟು ಕಿತ್ತಳೆ ಕಾಣಬೇಕೆಂಬುದು ಅಲ್ಲಿನ ಕಾನೂನು. ಪೊದೆಯಾಚೆ ಅಲುಗಿದ್ದು ಮನುಷ್ಯನೋ ಮಿಗವೋ ಎಂಬ ಗೊಂದಲ ಬೇಡವೆಂದು. ಕೋವಿ ಬೇಟೆಯ ಹಂಗಾಮು ಶುರುವಾಗುವುದು ಇವತ್ತೇ. ಇಲ್ಲಿಂದ ಐದು ವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರು ಭಾನುವಾರದ ತನಕ, ಈ ನಾಡಿನ ಮಾತುಕತೆಯೆಲ್ಲ ಎಲ್ಕ್ ಸುತ್ತಲೇ.

ಮೂಡಣ ಬೆಳ್ಳಗಾಗುತ್ತಿದ್ದಂತೆ ದುರ್ಬೀನುಗಳು ಮೇಲೇಳುತ್ತವೆ. ಅಗೋ, ಮುಳ್ಳುತಂತಿಯ ಬೇಲಿಯಾಚೆ ಹುಲ್ಲು ಕುಯ್ದ ಬಯಲಿನಲ್ಲಿ ಹಿಂಡು ಹಿಂಡಾಗಿ ನಿಂತಿವೆ. ನಮ್ಮ ಕಡವೆಯ ಕುಲದ್ದೇ ಪ್ರಾಣಿ, ಆದರೆ ಗಾತ್ರದಲ್ಲಿ ಕಡವೆಯನ್ನು ಮೀರಿಸಿದ್ದು. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಕಂದು ಮೈ, ಕುತ್ತಿಗೆಗೆ ಕಪ್ಪು ಜೂಲು, ಹಿಂಭಾಗದಲ್ಲಿ ಒಣಹುಲ್ಲಿನ ಬಣ್ಣದ ದೊಡ್ಡ ಮಚ್ಚೆ. ಒಂದು ಸಿಕ್ಕಿದರೆ ಮನೆಯ ಫ್ರೀಜರಿಗೆ ಚಳಿಗಾಲವಿಡೀ ಮಾಂಸದ ಚಿಂತೆಯಿಲ್ಲ. ಕೋವಿಯ ಅಳತೆಗೆ ನಿಲುಕುವಷ್ಟು ಹತ್ತಿರದಲ್ಲೇ ಇವೆ. ಆದರೂ ಯಾರೂ ಟ್ರಕ್ಕಿನಿಂದ ಇಳಿಯುವುದಿಲ್ಲ. ಬೇಲಿಯ ಕಂಬಗಳ ತಲೆಗೆ ಅದೇ ಹೊಳೆಯುವ ಕಿತ್ತಳೆ ಬಣ್ಣ ಬಳಿದಿದೆ. ಮೈಮೇಲಿದ್ದರೆ ‘ನನಗೆ ಹೊಡೆಯಬೇಡ’ ಎನ್ನುವ ಬಣ್ಣ, ಕಂಬದ ಮೇಲಿದ್ದರೆ ‘ಒಳಗೆ ಕಾಲಿಡಬೇಡ’ ಎನ್ನುತ್ತದೆ.

ಸ್ವಲ್ಪ ಹೊತ್ತಿಗೆ ಬೇಲಿಯೊಳಗಿನ ಮಣ್ಣುದಾರಿಯಲ್ಲಿ ಒಂದು ಗಾಡಿ ಬರುತ್ತದೆ. ಗೈಡ್ ಇಳಿಯುತ್ತಾನೆ, ಅವನ ಹಿಂದೆ ಹೊರರಾಜ್ಯದಿಂದ ಬಂದ ಇಬ್ಬರು ಗಿರಾಕಿಗಳು. ರಸ್ತೆಯಲ್ಲಿ ನಿಂತವರು ಸುಮ್ಮನೆ ನೋಡುತ್ತಾರೆ.

ಅವರ ಜೇಬಿನಲ್ಲೂ ಲೈಸೆನ್ಸ್ ಇದೆ; ರಾಜ್ಯ ಸರ್ಕಾರಕ್ಕೆ ದುಡ್ಡು ಕಟ್ಟಿ ಪಡೆದದ್ದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನೆನಪಾಗುವುದು ಇಂಥಲ್ಲೇ. ಬೇಟೆಗೆ ಅಪ್ಪಣೆ ಕೊಡುವುದು ಸರ್ಕಾರ, ಬೇಟೆ ಇರುವ ಜಾಗಕ್ಕೆ ಅಪ್ಪಣೆ ಕೊಡುವುದು ಜಮೀನುದಾರ.

1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆಯೆಂದರೆ ಅಪರಾಧವೆಂದೇ ಬಲ್ಲ ನಮಗೆ ಈ ಜಗಳ ವಿಚಿತ್ರವಾಗಿ ಕಾಣಬಹುದು. ಅದಕ್ಕೂ ಹಿಂದೆ ಬಂಡೀಪುರ ಮೈಸೂರು ಮಹಾರಾಜರ ಬೇಟೆಯ ಕಾಡಾಗಿತ್ತಲ್ಲ, ಅಂಥ ವ್ಯವಸ್ಥೆಯನ್ನು ನೆನೆದರೆ ಅಮೆರಿಕನ್ನರ ಹಟ ಅರ್ಥವಾಗುತ್ತದೆ. ಆಗಿನ ಇಂಗ್ಲೆಂಡಿನಲ್ಲಿ ಜಿಂಕೆಯೂ ದೊರೆಯ ಸ್ವತ್ತು, ಕಾಡೂ ದೊರೆಯ ಸ್ವತ್ತು. ಆ ದೊರೆತನ ಬೇಡವೆಂದು ಬಂದವರು ಕಟ್ಟಿದ ದೇಶದಲ್ಲಿ ಕಾಡುಪ್ರಾಣಿ ಯಾರೊಬ್ಬರ ಸ್ವತ್ತೂ ಅಲ್ಲ. ಜನರ ಪರವಾಗಿ ಆಯಾ ರಾಜ್ಯ ಅದನ್ನು ಕಾಯುತ್ತದೆ. ಎಲ್ಕ್ ಯಾರ ಹೊಲದಲ್ಲಿ ಮಲಗಿ ಎದ್ದರೂ ಹೊಲದವನದಾಗುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಾಂಸ ಮತ್ತು ಚರ್ಮದ ವ್ಯಾಪಾರಕ್ಕೆ ಬೈಸನ್ ಹಿಂಡುಗಳು ನಿರ್ನಾಮದ ಅಂಚಿಗೆ ಬಂದು, ಎಲ್ಕ್ ಕೂಡ ಬಹುಪಾಲು ನಾಡುಗಳಿಂದ ಅಳಿದಾಗ ಕಾನೂನು ಕಣ್ಣುಬಿಟ್ಟಿತು. 1900ರ ಲೇಸಿ ಕಾಯ್ದೆ, ಅದರ ಆಚೀಚೆ ರಾಜ್ಯಗಳು ತಂದ ನಿಯಮಗಳು ಸೇರಿ ಬೇಟೆಯ ಮಾಂಸವನ್ನು ಪೇಟೆಯಿಂದ ಹೊರಹಾಕಿದವು. ಸತ್ತ ಮಿಗದ ಸಂತೆ ಹೀಗೆ ಮುಚ್ಚಿತು. ಜೀವಂತ ಮಿಗದ ಬಳಿಗೆ ಹೋಗುವ ದಾರಿಗೂ ಒಂದು ದಿನ ಸಂತೆ ನೆರೆಯುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಮೊಂಟಾನಾದ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರದು. ಅದೂ ಎಂಥ ನೆಲ? ಹಿಂದೆ ವಲಸೆ ಬಂದವರು ಹೊಳೆಸಾಲು, ಹುಲ್ಲುಗಾವಲು, ನೀರಿನ ಒರತೆ ನೋಡಿ ನೋಡಿಯೇ ಬೇರೂರಿದರು. ಸರ್ಕಾರಕ್ಕೆ ಉಳಿದದ್ದು ಹೆಚ್ಚಾಗಿ ಕಲ್ಲುಬೆಟ್ಟ, ಹಿಮದ ನೆತ್ತಿ. ಹಿಮ ಬೀಳತೊಡಗಿದ ಮೇಲೆ ಮೇವು ಹುಡುಕುವ ಎಲ್ಕ್ ಕೆಳಗಿಳಿದು ಬರುವುದು ಈ ಖಾಸಗಿ ಬಯಲಿಗೇ.

ಹಿಂದಿನ ರೂಢಿ ಸರಳವಾಗಿತ್ತು. ಬೇಸಿಗೆಯಲ್ಲೇ ಹೋಗಿ ದನ ಸಾಕುವ ದೊಡ್ಡ ಜಮೀನಾದ ರ‍್ಯಾಂಚಿನ ಮನೆ ಬಾಗಿಲು ತಟ್ಟಬೇಕು. ಯಾರ ಮಗ, ಯಾವ ಊರು ಎಂದು ವಿಚಾರಣೆಯಾಗುತ್ತದೆ. ಬೇಲಿ ಬಿಗಿಯುವ ದಿನ ಕೈ ಜೋಡಿಸಿದರೆ, ಬೇಟೆ ಸಿಕ್ಕ ಮೇಲೆ ಒಂದಿಷ್ಟು ಸಾಸೇಜು ತಂದುಕೊಟ್ಟರೆ ಮುಂದಿನ ವರ್ಷದ ಅಪ್ಪಣೆಯೂ ಸಿಕ್ಕಂತೆಯೇ. ದುಡ್ಡಿನ ಮಾತೇ ಇಲ್ಲ. ಆದರೆ ಕೇಳಲು ಬರುವವರು ಹೆಚ್ಚಿದಂತೆ ರ‍್ಯಾಂಚಿನವರ ದೂರೂ ಬೆಳೆಯಿತು. ಗೇಟು ಹಾಕದೆ ಹೋದರು, ಎರಡು ಮಂದೆಯ ದನ ಬೆರೆತುಹೋಯಿತು. ಒದ್ದೆ ನೆಲದಲ್ಲಿ ಟ್ರಕ್ ಓಡಿಸಿದರು, ಮೊಣಕಾಲುದ್ದ ಗಾಲಿಗುಂಡಿ ಬಿತ್ತು. ಟೈರಿಗೆ ಅಂಟಿ ಬಂದ ಬೀಜದಿಂದ, ದನ ಮೂಸಿಯೂ ನೋಡದ ಕಳೆ ಹುಲ್ಲುಗಾವಲಿಗೆ ಹಬ್ಬಿತು. ವರ್ಷವಿಡೀ ಸಾಕಿ, ಚಳಿಗಾಲಕ್ಕೆ ಮುಂಚೆ ಕರು ಮಾರಿ ಬರುವ ಹಣದಲ್ಲೇ ಸಾಲ ತೀರಿಸುವ ಸಂಸಾರಕ್ಕೆ ಇವೆಲ್ಲ ಸಣ್ಣ ನಷ್ಟವಲ್ಲ.

ಔಟ್‌ಫಿಟ್ಟರ್ ಬಂದದ್ದು ಆ ಹೊತ್ತಿಗೆ. ಅವನು ಬೇಟೆಯ ಪ್ರವಾಸ ನಡೆಸುವ ಲೈಸೆನ್ಸುದಾರ. ಇಡೀ ರ‍್ಯಾಂಚಿನ ಬೇಟೆಯನ್ನು ಹಂಗಾಮಿನ ಮಟ್ಟಿಗೆ ಗುತ್ತಿಗೆ ಹಿಡಿಯುತ್ತಾನೆ. ಗೇಟು ಕಾಯುವ ಹೊಣೆ ಅವನದು, ಒಳಗೆ ಬರುವ ನಾಲ್ಕಾರು ಜನರ ಜವಾಬ್ದಾರಿಯೂ ಅವನದೇ. ಕರುಗಳ ಬೆಲೆ ಬಿದ್ದ ವರ್ಷವೂ ಗುತ್ತಿಗೆಯ ಹಣ ಬರುತ್ತದೆ. ಗಿರಾಕಿ ಐದಾರು ದಿನದ ಬೇಟೆಗೆ ಹಲವು ಸಾವಿರ ಡಾಲರ್ ತೆರುತ್ತಾನೆ. ಎಲ್ಕನ್ನು ಮಾರುವಂತಿಲ್ಲವಾದ್ದರಿಂದ ಔಟ್‌ಫಿಟ್ಟರ್ ಮಾರುವುದು ಊಟ, ಹಾಸಿಗೆ, ಗೈಡಿನ ಕಣ್ಣು. ಇವೆಲ್ಲಕ್ಕಿಂತ ಹೆಚ್ಚಾಗಿ ಅವನು ಮಾರುವುದು ಬೇರೆ ಯಾರೂ ಕಾಲಿಡದ ಬಯಲನ್ನು. ಹೊರಗಿನವರಿಗೆ ಗೇಟು ಮುಚ್ಚಿದಷ್ಟೂ ಒಳಗಿನ ಸರಕಿಗೆ ಬೆಲೆ.

ಟೆಕ್ಸಸ್‌ನಲ್ಲಿ ಇದು ಹಳೆಯ ಮಾತು. ಅಲ್ಲಿ ನೂರಕ್ಕೆ ತೊಂಬತ್ತೈದರಷ್ಟು ನೆಲ ಖಾಸಗಿ. ಗೆಳೆಯರು ಸೇರಿ ಚಂದಾ ಹಾಕಿ ಒಂದು ‘ಡೀರ್ ಲೀಸ್’ (ಜಿಂಕೆ ಬೇಟೆಯ ಗುತ್ತಿಗೆ) ಹಿಡಿಯದೆ ಬಹುತೇಕರಿಗೆ ಬೇಟೆಯೇ ಇಲ್ಲ. ನಾವೂ ಟೆಕ್ಸಸ್ ಆಗಿಬಿಟ್ಟೆವೋ ಎಂಬುದು ಮೊಂಟಾನಾದ ಸಣ್ಣ ಊರುಗಳ ಕೆಫೆಗಳಲ್ಲಿ ಕೇಳಿಬರುವ ಭಯ.

ಈ ಲೆಕ್ಕಾಚಾರವನ್ನು ಎಲ್ಲರಿಗಿಂತ ಬೇಗ ಕಲಿತದ್ದು ಎಲ್ಕ್. ಹಂಗಾಮಿನ ಮೊದಲ ಗುಂಡುಗಳು ಸಿಡಿಯುತ್ತಲೇ ಸರ್ಕಾರಿ ಬೆಟ್ಟದ ಹಿಂಡು ಗುಂಡಿನ ಸದ್ದು ಕಡಿಮೆಯಿರುವ ಖಾಸಗಿ ಜಮೀನಿಗೆ ಇಳಿಯುತ್ತದೆ. ಹಣ ತೆತ್ತ ಗಿರಾಕಿಗೆ ಬೇಕಾದದ್ದು ಗೋಡೆಗೆ ಹಾಕಲು ದೊಡ್ಡ ಕೊಂಬಿನ ಗಂಡು. ಹಿಂಡನ್ನು ಬೆಳೆಸುವ ಹೆಣ್ಣುಗಳ ಕಡೆ ಯಾರೂ ನೋಡುವುದಿಲ್ಲ. ಆಶ್ರಯ ಸಿಕ್ಕ ಹಿಂಡು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ರಾತ್ರಿ ಬೇಲಿ ಹಾರಿ ಪಕ್ಕದ ರ‍್ಯಾಂಚಿನ ಹುಲ್ಲಿನ ಬಣವೆಗೆ ಬಾಯಿಡುತ್ತದೆ. ಇತ್ತ ಬೆಟ್ಟದ ಕಡೆ ಕಿತ್ತಳೆ ಅಂಗಿಗಳದೇ ಜಾತ್ರೆ, ಮಿಗವಿಲ್ಲ. ಎಷ್ಟು ಎಲ್ಕ್ ಇರಬೇಕೆಂದು ಗುರಿ ಹಾಕಿಕೊಳ್ಳುವ ರಾಜ್ಯದ ಇಲಾಖೆ, ಹಲವು ವಲಯಗಳಲ್ಲಿ ಸಂಖ್ಯೆ ಆ ಗುರಿ ಮೀರಿದಾಗ, 2016ರಿಂದ ಆಗಸ್ಟಿನಲ್ಲೂ ಫೆಬ್ರವರಿಯಲ್ಲೂ ಹೆಣ್ಣು ಎಲ್ಕ್ ಹೊಡೆಯಲು ಹೆಚ್ಚುವರಿ ಹಂಗಾಮು ತೆರೆಯಿತು. ಕ್ಯಾಲೆಂಡರನ್ನು ಎಳೆದು ಉದ್ದ ಮಾಡಬಹುದು. ಗೇಟು ತೆರೆಸಲು ಇಲಾಖೆಗೂ ಅಧಿಕಾರವಿಲ್ಲ.

ಬೇಲಿ ಖಾಸಗಿ ನೆಲವನ್ನಷ್ಟೇ ಕಾಯುತ್ತದೆ ಎಂದುಕೊಂಡರೂ ತಪ್ಪು. ರೈಲು ಹಾಕಿಸಲು ಅಮೆರಿಕ ಸರ್ಕಾರ 1860ರ ದಶಕದಲ್ಲಿ ಕಂಪನಿಗಳಿಗೆ ಹಳಿಯ ಎರಡೂ ಬದಿಯಲ್ಲಿ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ಚೌಕಗಳನ್ನು ಕೊಟ್ಟಿತು. ಪಶ್ಚಿಮದ ನಕಾಶೆಯಲ್ಲಿ ಇವತ್ತಿಗೂ ಚದುರಂಗದ ಹಾಸಿನ ವಿನ್ಯಾಸ: ಒಂದು ಚೌಕ ಖಾಸಗಿ, ಪಕ್ಕದ್ದು ಸರ್ಕಾರಿ. ಸರ್ಕಾರಿ ಚೌಕಗಳು ಒಂದಕ್ಕೊಂದು ಮೂಲೆಯಲ್ಲಷ್ಟೇ ಮುಟ್ಟುತ್ತವೆ. ಹಾಗೆ ಮೂಲೆಯಿಂದಷ್ಟೇ ತಲುಪಬಹುದಾದ ಸಾರ್ವಜನಿಕ ನೆಲ ಪಶ್ಚಿಮದ ರಾಜ್ಯಗಳಲ್ಲಿ ಸುಮಾರು 83 ಲಕ್ಷ ಎಕರೆ. ಮೂಲೆಯ ಎರಡೂ ಬದಿಯ ಖಾಸಗಿ ಚೌಕವನ್ನು ಹಿಡಿದವನಿಗೆ, ದುಡ್ಡು ಕೊಡದ ನಡುವಿನ ಚೌಕವೂ ದಕ್ಕಿದಂತೆಯೇ. ಅದನ್ನು ಗುತ್ತಿಗೆ ಕೊಟ್ಟರೆ ಔಟ್‌ಫಿಟ್ಟರನ ಗಿರಾಕಿಗೆ ಸರ್ಕಾರಿ ನೆಲದ ಬೇಟೆಯೂ ಸೇರಿಯೇ ಸಿಗುತ್ತದೆ.

ವ್ಯೋಮಿಂಗ್ ರಾಜ್ಯದ ಎಲ್ಕ್ ಮೌಂಟನ್ ಬಳಿ ಇಂಥದೊಂದು ಮೂಲೆಯನ್ನು ಹತ್ತಿರದಿಂದ ನೋಡಬಹುದು. ನೆಲದಲ್ಲಿ ಹೂತ ಸರ್ವೆ ಗುರುತು. ಅದರ ಎರಡು ಮಗ್ಗುಲಲ್ಲಿ ಎರಡು ಉಕ್ಕಿನ ಕಂಬ, ನಡುವೆ ಸರಪಳಿ, ಒಳಗೆ ಬರಬೇಡಿ ಎಂಬ ಫಲಕ ಇದ್ದವು. ಬೇಲಿಯೇನೂ ಮುಂದುವರಿದಿರಲಿಲ್ಲ, ಮೂಲೆ ದಾಟುವವರನ್ನು ತಡೆಯಲೆಂದೇ ನಿಂತ ಕಂಬಗಳು. 2021ರಲ್ಲಿ ಮಿಸ್ಸೌರಿಯ ನಾಲ್ವರು ಬೇಟೆಗಾರರು ಉಕ್ಕಿನ ಏಣಿಯೊಂದನ್ನು ಮಾಡಿಸಿ ತಂದರು. ಇತ್ತ ಎರಡು ಕಾಲು, ಅತ್ತ ಎರಡು ಕಾಲು. ಕಂಬವನ್ನೂ ಮುಟ್ಟದೆ, ಖಾಸಗಿ ಮಣ್ಣನ್ನೂ ತುಳಿಯದೆ ಒಂದು ಸರ್ಕಾರಿ ಚೌಕದಿಂದ ಇನ್ನೊಂದಕ್ಕೆ ಇಳಿದರು. ಅತಿಕ್ರಮಣವೆಂದು ಕೇಸು ಬಿತ್ತು. ನೆಲ ತುಳಿಯದಿದ್ದರೂ ನೆಲದ ಮೇಲಿನ ಗಾಳಿಯಲ್ಲಿ ಹೆಗಲು ತೂರಿಸಿದರು ಎಂಬುದು ವಾದ. 2022ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಜಮೀನಿನ ಬೆಲೆ ಕುಸಿಯಿತೆಂದು ಜಮೀನುದಾರ 70 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೇಳಿದ ಸಿವಿಲ್ ದಾವೆ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಿ, 2025ರ ಮಾರ್ಚಿನಲ್ಲಿ ಬೇಟೆಗಾರರ ಪರವಾಯಿತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮೇಲ್ಮನವಿ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಸರ್ಕಾರಿ ಹುಲ್ಲುಗಾವಲಿಗೆ ಬೇಲಿ ಸುತ್ತುತ್ತಿದ್ದ ದನದ ಧಣಿಗಳ ವಿರುದ್ಧ 1885ರಲ್ಲಿ ತಂದ ಹಳೆಯ ಕಾಯ್ದೆಯೊಂದು ಏಣಿ ಹತ್ತಿದವರನ್ನು ಕಾಪಾಡಿತು. ಆ ತೀರ್ಪಿನ ವ್ಯಾಪ್ತಿ ವ್ಯೋಮಿಂಗ್ ಸೇರಿದ ಆರು ರಾಜ್ಯಗಳಿಗೆ. ಮೊಂಟಾನಾ ಅದರ ಹೊರಗಿದೆ.

ಮೊಂಟಾನಾದ ಮತದಾರರು ಬೇರೆ ದಾರಿಗಳನ್ನು ಹಿಡಿದಿದ್ದಾರೆ. ಬೇಲಿಯೊಳಗೆ ಸಾಕಿದ ಎಲ್ಕನ್ನು ಹಣ ಪಡೆದು ಹೊಡೆಸುವುದನ್ನು 2000ದಲ್ಲಿ ಮತ ಹಾಕಿ ನಿಲ್ಲಿಸಿದರು. 2004ರಲ್ಲಿ ಬೇಟೆಯ ಅವಕಾಶ ನಾಡಿನ ಪರಂಪರೆಯೆಂದು ರಾಜ್ಯದ ಸಂವಿಧಾನದಲ್ಲೇ ಬರೆಸಿದರು. ಖಾಸಗಿ ಜಮೀನು ತುಳಿಯುವ ಹಕ್ಕನ್ನು ಇದು ಕೊಡುವುದಿಲ್ಲವೆಂಬ ಮಾತೂ ಅದೇ ವಾಕ್ಯದಲ್ಲಿದೆ. 2010ರಲ್ಲಿ ನೇರವಾಗಿ ಔಟ್‌ಫಿಟ್ಟರ್‌ಗಳ ಬುಡಕ್ಕೇ ಕೈ ಹಾಕಿದರು. ಹೊರರಾಜ್ಯದವರಿಗೆ ಮೀಸಲಾದ 17,000 ಎಲ್ಕ್ ಲೈಸೆನ್ಸುಗಳಲ್ಲಿ 5,500 ಅವರ ಗಿರಾಕಿಗಳಿಗೆ ಖಾತ್ರಿಯಾಗಿ ಸಿಗುತ್ತಿದ್ದವು. ಗಿರಾಕಿ ಬರುವುದು ಖಾತ್ರಿಯಾದ್ದರಿಂದಲೇ ಧೈರ್ಯವಾಗಿ ಗುತ್ತಿಗೆ ಹಿಡಿಯುತ್ತಾರೆ ಎಂಬುದು ಆರೋಪ. ಮತದಾನದಲ್ಲಿ ಆ ಖಾತ್ರಿ ರದ್ದಾಯಿತು, ಎಲ್ಲರೂ ಲಾಟರಿಗೇ ನಿಲ್ಲಬೇಕಾಯಿತು; ಲೈಸೆನ್ಸಿನ ದರ 628 ಡಾಲರಿನಿಂದ 897ಕ್ಕೆ ಏರಿತು. ಗುತ್ತಿಗೆಗಳು ಮಾತ್ರ ನಿಲ್ಲಲಿಲ್ಲ. ದೊಡ್ಡ ಕೊಂಬು ಹುಡುಕಿ ಬರುವವರು ಲಾಟರಿಯನ್ನೂ ದಾಟಿ ಬಂದರು.

ನಿಜಕ್ಕೂ ಗೇಟು ತೆರೆಸಿದ್ದು ಇದಕ್ಕಿಂತ ಹಳೆಯ, ಸದ್ದಿಲ್ಲದ ಒಂದು ಏರ್ಪಾಡು. ಜಲ್ಲಿರಸ್ತೆಯಲ್ಲೇ ಮುಂದೆ ಹೋದರೆ ಕಂಬಕ್ಕೆ ಹೊಡೆದ ಒಂದು ಪೆಟ್ಟಿಗೆ ಸಿಗುತ್ತದೆ. ಮುಚ್ಚಳ ತೆಗೆದರೆ ಚೀಟಿಗಳ ಕಟ್ಟು, ಮೊಂಡು ಪೆನ್ಸಿಲು, ಆ ರ‍್ಯಾಂಚಿನ ನಕಾಶೆ ಮತ್ತು ನಿಯಮಗಳು: ಗಾಡಿ ಎಲ್ಲಿಯವರೆಗೆ, ಯಾವ ಗೇಟು ಹೇಗಿತ್ತೋ ಹಾಗೇ ಬಿಡಬೇಕು. ಹೆಸರು, ಲೈಸೆನ್ಸ್ ನಂಬರು ಬರೆದು ಚೀಟಿ ಒಳಗೆ ಹಾಕಿದರೆ ಆಯಿತು, ಬಾಗಿಲು ತಟ್ಟಬೇಕಿಲ್ಲ. 1985ರಲ್ಲಿ ಶುರುವಾದ ಈ ‘ಬ್ಲಾಕ್ ಮ್ಯಾನೇಜ್‌ಮೆಂಟ್’ ಯೋಜನೆಯಲ್ಲಿ ಸುಮಾರು 70 ಲಕ್ಷ ಎಕರೆ ಸೇರಿದೆ. ಚೀಟಿ ಎಣಿಸಿ ರಾಜ್ಯ ಸರ್ಕಾರ ಜಮೀನುದಾರನಿಗೆ ಹಣ ಕೊಡುತ್ತದೆ. ಬೇಟೆಗಾರ ಜೇಬಿನಿಂದ ಏನೂ ಕೊಡಬೇಕಿಲ್ಲ. ಆ ಹಣದ ದೊಡ್ಡ ಪಾಲು ಬರುವುದು ಹೊರರಾಜ್ಯದವರು ಕಟ್ಟುವ ದುಬಾರಿ ಲೈಸೆನ್ಸಿನಿಂದ. ಆದರೆ ಒಳ್ಳೆಯ ಎಲ್ಕ್ ಬಯಲಿಗೆ ಔಟ್‌ಫಿಟ್ಟರ್ ಕೊಡಬಲ್ಲ ಮೊತ್ತದ ಮುಂದೆ ಚೀಟಿಯ ಲೆಕ್ಕ ಚಿಕ್ಕದು. ಹೀಗಾಗಿ ಪೆಟ್ಟಿಗೆಗೆ ಒಲಿದ ಜಮೀನುಗಳಲ್ಲಿ ಜಿಂಕೆ ಮತ್ತು ಹಕ್ಕಿ ಬೇಟೆ ಧಾರಾಳ, ಎಲ್ಕ್ ಅಪರೂಪ ಎಂಬ ಗೊಣಗಾಟವೂ ಉಂಟು.

ಔಟ್‌ಫಿಟ್ಟರನನ್ನು ಖಳನಾಗಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಮೊಂಟಾನಾದ ಬಾಬ್ ಮಾರ್ಷಲ್ ಕಾಡಿನಲ್ಲಿ ಅದೇ ಕಸುಬಿನವರು ಹೇಸರಗತ್ತೆಗಳ ಸಾಲಿಗೆ ಡೇರೆ, ಒಲೆ, ಹಿಟ್ಟಿನ ಮೂಟೆ ಹೇರಿಕೊಂಡು ರಸ್ತೆಯೇ ಇಲ್ಲದ ಸರ್ಕಾರಿ ಬೆಟ್ಟಗಳೊಳಕ್ಕೆ ಜನರನ್ನು ಒಯ್ಯುತ್ತಾರೆ. ಅಲ್ಲಿ ಅವರು ದಾರಿ ತೋರುವವರೇ ಹೊರತು ಅಡ್ಡ ನಿಲ್ಲುವವರಲ್ಲ. ಬಯಲಿನ ಗುತ್ತಿಗೆದಾರನಿಗೂ ನೆಲೆ ಗಟ್ಟಿಯಿಲ್ಲ. ರ‍್ಯಾಂಚನ್ನು ಭಾರಿ ಕುಳವೊಂದು ಸ್ವಂತ ವಿಹಾರಕ್ಕೆಂದು ಕೊಂಡರೆ ಮೊದಲು ರದ್ದಾಗುವುದು ಅವನ ಗುತ್ತಿಗೆಯೇ. ಮಧ್ಯ ಮೊಂಟಾನಾದ ಡರ್ಫೀ ಹಿಲ್ಸ್ ಎಂಬ ಸರ್ಕಾರಿ ಗುಡ್ಡಗಳನ್ನು ಅಂಥದೇ ಒಂದು ಖಾಸಗಿ ರ‍್ಯಾಂಚು ಸುತ್ತುವರಿದಿದೆ. ಅಲ್ಲಿಗೆ ಹೋಗಬೇಕಾದರೆ ಬೇಟೆಗಾರರು ಪುಟ್ಟ ವಿಮಾನದಲ್ಲಿ ಹಾರಿ ಗುಡ್ಡದ ಮೇಲೇ ಇಳಿಯುತ್ತಾರೆ. ಗುತ್ತಿಗೆಯ ಹಣದಿಂದ ಉಳಿದುಕೊಂಡ ರ‍್ಯಾಂಚಿನಲ್ಲಿ ಕೊನೆಗೆ ಹುಲ್ಲಾದರೂ ಉಳಿಯುತ್ತದೆ. ಸೈಟುಗಳಾಗಿ ತುಂಡಾದ ರ‍್ಯಾಂಚಿನಲ್ಲಿ ಬೇಟೆಗಾರನಿಗೂ ಜಾಗವಿಲ್ಲ, ಎಲ್ಕಿಗೂ ಇಲ್ಲ.

ಗೇಟು ತೆರೆದಿಡುವುದಕ್ಕೆ ಖರ್ಚಿದೆ: ಕೆಟ್ಟ ದಾರಿ, ಬೆರೆತ ಮಂದೆ, ಹಬ್ಬಿದ ಕಳೆ. ಬಾಗಿಲು ತಟ್ಟಿದರೆ ಸಾಕಾಗಿದ್ದ ಕಾಲದಲ್ಲಿ ಆ ಖರ್ಚನ್ನು ರ‍್ಯಾಂಚಿನವರು ನೆರೆಹೊರೆಯ ಮುಲಾಜಿಗೆ ನುಂಗಿಕೊಂಡರು. ಬೇಟೆ ಎಲ್ಲರ ಪರಂಪರೆ ಎಂದು ಸಂವಿಧಾನದಲ್ಲಿ ಬರೆಸಿಕೊಂಡ ನಾಡು ಆ ಖರ್ಚನ್ನೂ ಎಲ್ಲರ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಹತ್ತು ಜನ ಹಂಚಿಕೊಳ್ಳದ ಬೆಲೆಯನ್ನು ಒಬ್ಬ ತೆತ್ತರೆ, ಆಮೇಲೆ ಗೇಟಿನ ಬೀಗದ ಕೈ ಅವನಲ್ಲಿ ಇರುವುದು ಅನ್ಯಾಯವೆಂದು ರಸ್ತೆಯಲ್ಲಿ ನಿಂತು ಕೂಗಿ ಫಲವಿಲ್ಲ.